ಡಾ. ಟಿ.ಎಂ.ಎ. ಪೈ: ಪಿಗ್ಮಿಯಿಂದ ಅಂಗರಚನೆಯ ಮ್ಯೂಸಿಯಂವರೆಗೆ

ಕಾಮರ್ಸ್ ವಿದ್ಯಾರ್ಥಿಗಳಾದ ನಮಗೆ ಟಿ.ಎಂ.ಎ. ಪೈ ಎಂದರೆ ಸಿಂಡಿಕೇಟ್ ಬ್ಯಾಂಕ್. ಆದರೆ ಅವರು ಓದಿದ್ದು ವೈದ್ಯಕೀಯ. 1898ರಲ್ಲಿ ಉಡುಪಿ ಸಮೀಪದ ಕಲ್ಯಾಣಪುರದಲ್ಲಿ ಹುಟ್ಟಿದ ಅವರು ಮದರಾಸಿನಲ್ಲಿ ಡಾಕ್ಟರ್ ಆಗಿ ಊರಿಗೆ ಮರಳಿದರು. 1925ರಲ್ಲಿ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಬ್ಯಾಂಕ್ ಕಟ್ಟಿದರು. 1928ರಲ್ಲಿ ಪಿಗ್ಮಿ ಬಂತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬಂದು ಪಡೆಯುತ್ತಿದ್ದ.

ಆಗ ದಕ್ಷಿಣ ಕನ್ನಡದ ಮಕ್ಕಳು ಡಾಕ್ಟರ್ ಆಗಬೇಕಾದರೆ ಪೈಗಳಂತೆಯೇ ದೂರದ ಊರಿಗೆ ಹೋಗಬೇಕಿತ್ತು. 1953ರಲ್ಲಿ ಅವರು ಮಣಿಪಾಲದ ಬೋಳು ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. ಅಲ್ಲಿ ದೊಡ್ಡ ಆಸ್ಪತ್ರೆ ಇರಲಿಲ್ಲ. ಹಾಗಾಗಿ ದೇಹರಚನೆಯ ಪಾಠ ಮಣಿಪಾಲದಲ್ಲಿ, ರೋಗಿಗಳನ್ನು ನೋಡಿ ಕಲಿಯುವುದು ಮಂಗಳೂರಿನ ವೆನ್‌ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ. ಖಾಸಗಿ ಕಾಲೇಜಿನ ಫೀಸು ಎಲ್ಲರ ಕೈಗೆ ಎಟಕುವಂಥದ್ದಲ್ಲ. ಎರಡಾಣೆಯವನಿಗೂ ಬ್ಯಾಂಕ್ ತೆರೆದವರ ಕಾಲೇಜಿನಲ್ಲಿ ಇದೊಂದು ಕೊರತೆ ಎಂದೇ ನನಗನಿಸುತ್ತದೆ.

ಆದರೆ ಆ ಕಾಲೇಜಿನ ಅಂಗರಚನೆಯ ಮ್ಯೂಸಿಯಂ ಎಲ್ಲರಿಗೂ ತೆರೆದಿದೆ. ಗಾಜಿನ ಪಾತ್ರೆಗಳಲ್ಲಿ ಹೃದಯ, ಮಿದುಳು, ಶ್ವಾಸಕೋಶ. ಆನೆಯ ಅಸ್ಥಿಪಂಜರ ಕೂಡ. ಮನುಷ್ಯನ 206 ಮೂಳೆಗಳ ಹೆಸರು ಬಾಯಿಪಾಠ ಮಾಡಬಹುದು, ಆದರೆ ಮೂಳೆ ಕೈಗೆ ಬಂದಾಗ ಎಡಗಾಲಿನದೋ ಬಲಗಾಲಿನದೋ ಎಂದು ಹೇಳಲು ಬೇರೆಯೇ ಅಭ್ಯಾಸ ಬೇಕು. ಅದಕ್ಕೇ ವೈದ್ಯ ವಿದ್ಯಾರ್ಥಿಗಳಿಗೆ 'ಸ್ಪಾಟರ್' ಪರೀಕ್ಷೆ ಇರುವುದು. ಮೇಜಿನ ಮೇಲಿನ ಅಂಗದಲ್ಲಿ ಒಂದು ಜಾಗಕ್ಕೆ ಗುರುತು ಹಾಕಿರುತ್ತಾರೆ. ಹೆಸರು ಬರೆಯಬೇಕು, ಗಂಟೆ ಹೊಡೆದರೆ ಮುಂದಿನ ಮೇಜಿಗೆ. ಈಗ ಮೊಬೈಲಿನಲ್ಲೂ ಇದೇ ಆಟ: ಚಿತ್ರದ ಮೇಲೆ ಒತ್ತಿ, ಉತ್ತರ ಕೊಟ್ಟರೆ ಸರಿಯೋ ತಪ್ಪೋ ತಕ್ಷಣ ತಿಳಿಯುತ್ತದೆ. ಉರ್ದು ಮಾತಾಡುವ ನಮ್ಮ ಮನೆಯಲ್ಲಿ ಪಕ್ಕೆಲುಬಿಗೆ 'ಪಸ್ಲಿ' ಅನ್ನುತ್ತೇವೆ. ಇಂಗ್ಲಿಷ್ ಹೆಸರೂ ಸೇರಿ ಒಂದು ಮೂಳೆಗೆ ಮೂರು ಹೆಸರು ನೆನಪಿಡಬೇಕಾದ ನಮ್ಮಂಥವರಿಗೆ ಇಂಥ ಅಭ್ಯಾಸ ಇನ್ನೂ ಉಪಯೋಗ.

1969ರಲ್ಲಿ ಬ್ಯಾಂಕ್ ರಾಷ್ಟ್ರೀಕರಣವಾಯಿತು. 1972ರಲ್ಲಿ ಪೈಗಳಿಗೆ ಪದ್ಮಶ್ರೀ ಬಂತು, 1979ರಲ್ಲಿ ತೀರಿಕೊಂಡರು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಮ್ಯೂಸಿಯಂ ಮಾತ್ರ ಅಲ್ಲೇ ಇದೆ. ರಜೆಯಲ್ಲಿ ಅಳದಂಗಡಿಯಿಂದ ಆ ಕಡೆ ಹೋಗುವ ಸಯನ್ಸ್ ಗೆಳೆಯರು ಚೀಟಿಯನ್ನು ಕೈಯಿಂದ ಮುಚ್ಚಿ ಮೊದಲು ಹೆಸರು ಹೇಳಿ ನೋಡಲಿ, ಆಮೇಲೆ ಕೈ ತೆಗೆಯಲಿ.