ಬಸವಪ್ಪಶಾಸ್ತ್ರಿ: ರಂಗದ ಹಾಡಿನಿಂದ ಬ್ಯಾಂಡಿನವರೆಗೆ

ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ಬಸವಪ್ಪಶಾಸ್ತ್ರಿಗಳ (1843-1891) ಹೆಸರು ಬಹುಮಟ್ಟಿಗೆ ಅನುವಾದಕರ ಸಾಲಿನಲ್ಲಿಯೇ ಬರುತ್ತದೆ. 'ಅಭಿನವ ಕಾಳಿದಾಸ' ಎಂಬ ಬಿರುದು ಈ ಎಣಿಕೆಯನ್ನು ಮತ್ತಷ್ಟು ಗಟ್ಟಿಗೊಳಿಸಿದೆ. ಆದರೆ ಅವರ ರಚನೆಗಳಲ್ಲಿ ಅತ್ಯಧಿಕ ಜನರ ಕಿವಿಗೆ ಬಿದ್ದುದು ಅನುವಾದವಲ್ಲ, ಮೈಸೂರು ಸಂಸ್ಥಾನದ ಗೀತೆಯಾಗಿದ್ದ 'ಕಾಯೌ ಶ್ರೀಗೌರಿ'. ಈ ವೈದೃಶ್ಯವನ್ನು ನಮ್ಮ ಚರಿತ್ರಕಾರರು ಸಾಕಷ್ಟು ಗಮನಿಸಿಲ್ಲವೆಂದೇ ಹೇಳಬೇಕು.

ನಾರಸಂದ್ರದಲ್ಲಿ ಜನಿಸಿದ ಶಾಸ್ತ್ರಿಗಳು ಮೈಸೂರಿನ ಅರಮನೆಯ ಆಶ್ರಯದಲ್ಲಿ ಬೆಳೆದರು. 1868ರಲ್ಲಿ ಮುಮ್ಮಡಿ ಕೃಷ್ಣರಾಜರು ತೀರಿಕೊಂಡ ಮೇಲೆ ಬಾಲಕ ಚಾಮರಾಜೇಂದ್ರರಿಗೆ ಗುರುಗಳಾದರು. 1881ರಲ್ಲಿ ಆಡಳಿತ ಒಡೆಯರ ಮನೆತನಕ್ಕೆ ಮರಳಿದಾಗ ಶಿಷ್ಯನೇ ದೊರೆಯಾದನು.

ಮರಾಠಿ ಮತ್ತು ಪಾರ್ಸಿ ಮಂಡಳಿಗಳ ಆಟಗಳು ಮೈಸೂರಿನವರನ್ನು ಸೆಳೆಯುತ್ತಿದ್ದ ಕಾಲವದು. ಅರಮನೆಯ ನಾಟಕ ಸಭೆಗೆ ಕನ್ನಡದ ಆಟಗಳು ಬೇಕಾದವು. ಶಾಕುಂತಲವನ್ನು ಚುರಮುರಿ ಶೇಷಗಿರಿರಾಯರು 1869ರಲ್ಲಿಯೇ ಕನ್ನಡಕ್ಕೆ ತಂದಿದ್ದರೂ, ಶಾಸ್ತ್ರಿಗಳ ಶಾಕುಂತಲ ಮೈಸೂರಿನ ರಂಗದ ಅಗತ್ಯದಿಂದ ಹುಟ್ಟಿತು. ವಿಕ್ರಮೋರ್ವಶೀಯ, ಉತ್ತರರಾಮಚರಿತೆ, ಚಂಡಕೌಶಿಕ, ಮಾಲತೀಮಾಧವಗಳು ಅದನ್ನು ಅನುಸರಿಸಿದವು. ಇಂಗ್ಲಿಷ್ ಅರಿಯದ ಶಾಸ್ತ್ರಿಗಳು ಸಿ. ಸುಬ್ಬರಾಯರ ನೆರವಿನಿಂದ ಒಥೆಲೊವನ್ನು 'ಶೂರಸೇನ ಚರಿತೆ'ಯಾಗಿಸಿದರು. ಆಗಿನ ನಟರು ಕಂದ, ವೃತ್ತಗಳನ್ನೂ ರಾಗವಾಗಿ ಹಾಡುತ್ತಿದ್ದರೆಂಬುದನ್ನು ಮರೆಯಲಾಗದು. ಮೂಲನಿಷ್ಠೆಯೊಂದನ್ನೇ ಅಳತೆಗೋಲಾಗಿಸಿಕೊಂಡ ವಿಮರ್ಶೆ ಈ ಪದ್ಯಗಳ ಉಸಿರನ್ನು, ನಿಲುಗಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದಲೇ ಅವರ ಪದ್ಯಗಳು ಕೆಲವರಿಗೆ ಅಲಂಕಾರದ ಹೊರೆಯಾಗಿ ತೋರಿವೆ.

ನಾಡಗೀತೆಯ ಕಟ್ಟಡವೂ ಹಾಡುವವನ ಉಸಿರನ್ನು ಬಲ್ಲದ್ದೇ. ದೇವಿಯ ಸಂಬೋಧನೆಗಳನ್ನು ಅಂತ್ಯಪ್ರಾಸದಲ್ಲಿ ಪೋಣಿಸಿ, ದೊರೆಯ ರಕ್ಷಣೆಯನ್ನು ಬೇಡುವ ರಚನೆಯಿದು. ಹಾಡುವ ಧಾಟಿ ಶಂಕರಾಭರಣ. ಅದರ ಸ್ವರಸ್ಥಾನಗಳು ಪಾಶ್ಚಾತ್ಯರ ಮೇಜರ್ ಸ್ಕೇಲಿಗೆ ಹೊಂದುತ್ತವೆ. ಗಮಕವನ್ನು ನುಡಿಸಲು ತೊಡಕಾಗುವ ಹಿತ್ತಾಳೆಯ ಊದುವಾದ್ಯಗಳಿಗೆ ಇದು ದೊಡ್ಡ ಅನುಕೂಲ. ತೋಡಿಯಂತಹ ರಾಗದಲ್ಲಿದ್ದರೆ ಬ್ಯಾಂಡಿಗೆ ಒಗ್ಗಿಸುವುದು ಕಷ್ಟವಾಗುತ್ತಿತ್ತು. ಮುಂದೆ ನಾಲ್ವಡಿ ಕೃಷ್ಣರಾಜರ ಕಾಲದಲ್ಲಿ ಜರ್ಮನಿಯ ಆಟೊ ಶ್ಮಿಟ್ ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸಿದರು. ಮಾತೂ ಹಾಡೂ ಬೆರೆತ ಸ್ಪೇನಿನ ಲಘು ಗೀತನಾಟಕಗಳ ಧಾಟಿಗಳು ಊರೂರಿನ ಬ್ಯಾಂಡುಗಳಿಗೆ ಇಳಿದುದನ್ನು ಇಲ್ಲಿ ನೆನೆಯಬಹುದು. ಅಲ್ಲಿ ರಂಗದ ಹಾಡೇ ಬ್ಯಾಂಡಿಗೆ ಹೋಯಿತು. ಇಲ್ಲಿ ಹೋದುದು ರಂಗಕವಿಯ ಪ್ರಾರ್ಥನೆ.

ಈ ಗೀತೆಯ ವ್ಯಾಪ್ತಿಗೆ ಗಡಿಯೂ ಇತ್ತು. ಸಂಚಿಯ ಹೊನ್ನಮ್ಮನ ಊರೂ ಪೂರ್ಣಯ್ಯನವರ ಜಹಗೀರೂ ಆದ ಯಳಂದೂರು ಮೈಸೂರಿಗೆ ಸೇರಿತ್ತು. ಕೆಲವೇ ಮೈಲಿಗಳಾಚೆಯ ಕೊಳ್ಳೇಗಾಲ, ಅದರೊಳಗಿದ್ದ ಹನೂರು ಸಹಿತ, ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನುಡಿ ಒಂದೇ ಆದರೂ ಒಡೆಯರಿಗಾಗಿ ಬೇಡುವ ಈ ಹಾಡು ಅಲ್ಲಿ ನೆರೆರಾಜ್ಯದ್ದು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಸೇರುವ ವೇಳೆಗೆ ಸಂಸ್ಥಾನವೇ ಇರಲಿಲ್ಲ. ಹೀಗಾಗಿ ಇದನ್ನು ಇಡೀ ಕನ್ನಡಿಗರ ಗೀತೆಯೆಂದು ಬರೆಯುವವರು ಈ ಮೂರು ಊರುಗಳತ್ತ ಒಮ್ಮೆ ನೋಡಬೇಕು.

ಶಾಸ್ತ್ರಿಗಳು ನಲವತ್ತೆಂಟರ ಆಸುಪಾಸಿನಲ್ಲಿ ತೀರಿಕೊಂಡರು. ಶಿಷ್ಯ ಚಾಮರಾಜೇಂದ್ರರು 1894ರಲ್ಲಿ ಕಲ್ಕತ್ತೆಯಲ್ಲಿ ನಿಧನರಾದರು. ದೊರೆಗಳು ಬದಲಾದಂತೆ ಗೀತೆಯ ಪಾಠದಲ್ಲಿ ದೊರೆಯ ಹೆಸರೂ ಬದಲಾಯಿತು. ಧಾಟಿ ಮಾತ್ರ ಉಳಿಯಿತು.