ಮಕ್ಕಳ ಮನಸ್ಸನ್ನು ಓದಿದ ಗುರು: ಡಾ. ಝಾಕಿರ್ ಹುಸೈನ್



ಡಾ. ಝಾಕಿರ್ ಹುಸೈನ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಶೇರ್ವಾನಿ ಧರಿಸಿದ ಗಡ್ಡಧಾರಿ ರಾಷ್ಟ್ರಪತಿಯ ಭಾವಚಿತ್ರ. ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಅವರು ಭಾರತದ ಮೂರನೆಯ ರಾಷ್ಟ್ರಪತಿ, ಆ ಹುದ್ದೆಗೇರಿದ ಮೊದಲ ಮುಸ್ಲಿಮ್. ಆದರೆ ರಾಷ್ಟ್ರಪತಿ ಭವನದಲ್ಲಿ ಅವರಿದ್ದದ್ದು ಕೇವಲ ಎರಡು ವರ್ಷ. ಅದಕ್ಕೂ ಬಹಳ ಮೊದಲು, 22 ವರ್ಷಗಳ ಕಾಲ ಅವರು ಒಂದು ಬಡ ವಿದ್ಯಾಸಂಸ್ಥೆಯ ಮುಖ್ಯಸ್ಥರಾಗಿದ್ದರು. ನಾವು ಅವರಿಂದ ಕಲಿಯಬೇಕಾದ ಪಾಠ ಅಲ್ಲಿದೆ.

1897ರ ಫೆಬ್ರವರಿ 8ರಂದು ಹೈದರಾಬಾದಿನಲ್ಲಿ ಜನಿಸಿದ ಝಾಕಿರ್ ಹುಸೈನ್ ಹತ್ತನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಕುಟುಂಬ ಉತ್ತರ ಪ್ರದೇಶದ ಕಾಯಮ್‌ಗಂಜ್‌ಗೆ ಮರಳಿತು. 1911ರಲ್ಲಿ ಪ್ಲೇಗ್ ಮಾರಿ ತಾಯಿಯನ್ನೂ ಬಲಿ ತೆಗೆದುಕೊಂಡಿತು. ಆಗ ಅವರು ಇಟಾವಾದ ಇಸ್ಲಾಮಿಯಾ ಹೈಸ್ಕೂಲಿನ ವಿದ್ಯಾರ್ಥಿ. ಆ ಯತೀಮ ಬಾಲಕನ ವ್ಯಕ್ತಿತ್ವವನ್ನು ರೂಪಿಸಿದವರು ಅಲ್ಲಿನ ಮುಖ್ಯೋಪಾಧ್ಯಾಯ ಸೈಯದ್ ಅಲ್ತಾಫ್ ಹುಸೈನ್. ಮನೆಯ ಆಸರೆ ತಪ್ಪಿದ ಮಗುವಿಗೆ ಒಬ್ಬ ಒಳ್ಳೆಯ ಶಿಕ್ಷಕ ಏನಾಗಬಲ್ಲ ಎಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿ ಬರಲಿಲ್ಲ.

1920ರ ಅಕ್ಟೋಬರ್ 29ರಂದು ಅಲೀಗಢದಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಸ್ಥಾಪನೆಯಾದಾಗ, ಕಾಲೇಜು ತೊರೆದು ಬಂದ ಯುವಕರಲ್ಲಿ ಅವರೂ ಒಬ್ಬರು. ಬಳಿಕ ಜರ್ಮನಿಗೆ ಹೋಗಿ ಬರ್ಲಿನ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಪಡೆದರು. 1926ರಲ್ಲಿ ಗೆಳೆಯರಾದ ಆಬಿದ್ ಹುಸೈನ್ ಮತ್ತು ಮುಹಮ್ಮದ್ ಮುಜೀಬ್ ಅವರೊಂದಿಗೆ ಹಿಂದಿರುಗಿ ಜಾಮಿಯಾದ ಹೊಣೆ ಹೊತ್ತರು. ಸಂಸ್ಥೆ ಅಷ್ಟರಲ್ಲಿ ದಿಲ್ಲಿಯ ಕರೋಲ್‌ಬಾಗ್‌ಗೆ ಸ್ಥಳಾಂತರಗೊಂಡಿತ್ತು. ತಮ್ಮ ಜೇಬಿನಿಂದಲೇ ಅದನ್ನು ಸಲಹುತ್ತಿದ್ದ ಹಕೀಮ್ ಅಜ್ಮಲ್ ಖಾನ್ 1927ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಸಂಬಳಕ್ಕೂ ಹಣವಿಲ್ಲದಾಯಿತು. ಆಗ ಝಾಕಿರ್ ಹುಸೈನ್ ಮತ್ತು ಅವರ ಸಂಗಡಿಗರು, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಪಡೆಯದೆ 20 ವರ್ಷ ಸೇವೆ ಸಲ್ಲಿಸುವುದಾಗಿ ಪ್ರತಿಜ್ಞೆ ಮಾಡಿದರು.

ಓದುಗರೇ, ಇಷ್ಟು ಬಡತನವಿದ್ದಾಗ ಮಕ್ಕಳ ಮನಸ್ಸಿನ ಬಗ್ಗೆ ಯೋಚಿಸಲು ಯಾರಿಗೆ ಪುರುಸೊತ್ತು ಎಂದು ನೀವು ಕೇಳಬಹುದು. ಜಾಮಿಯಾದಲ್ಲಿ ಅದಕ್ಕೆ ಪುರುಸೊತ್ತಿತ್ತು. ಅಲ್ಲಿನ ಪ್ರಾಥಮಿಕ ಶಾಲೆಯ ಮಕ್ಕಳು ತಮ್ಮದೇ ಬ್ಯಾಂಕ್ ಮತ್ತು ಅಂಗಡಿ ನಡೆಸುತ್ತಿದ್ದರು. ಅವರಿಗಾಗಿ ‘ಪಯಾಮೆ ತಾಲೀಮ್’ ಎಂಬ ಪತ್ರಿಕೆಯಿತ್ತು. 1930ರ ದಶಕದ ಆರಂಭದಲ್ಲಿ ಬರ್ಲಿನ್ ದಿನಗಳ ಪರಿಚಿತೆ, ಯಹೂದಿ ಮಹಿಳೆ ಗೆರ್ಡಾ ಫಿಲಿಪ್ಸ್‌ಬೋರ್ನ್ ಜಾಮಿಯಾಕ್ಕೆ ಬಂದು ಪುಟ್ಟ ಮಕ್ಕಳ ಆರೈಕೆಗೆ ನಿಂತರು. ಮಕ್ಕಳ ಬಾಯಲ್ಲಿ ಅವರು ‘ಆಪಾ ಜಾನ್’ ಆದರು. 1943ರಲ್ಲಿ ನಿಧನರಾದ ಅವರ ಸಮಾಧಿ ಜಾಮಿಯಾದಲ್ಲೇ ಇದೆ. ಶಾಲೆಯಲ್ಲಿ ಪಾಠ ಹೇಳುವವರಂತೆ ಅಕ್ಕನಂತೆ ವಿಚಾರಿಸುವವರೂ ಬೇಕೆಂಬುದನ್ನು ಆ ಸಂಸ್ಥೆ ಅಂದೇ ಅರಿತಿತ್ತು.

1935ರ ಮಾರ್ಚ್ 1ರಂದು ಓಖ್ಲಾದಲ್ಲಿ ಹೊಸ ಶಾಲಾ ಕಟ್ಟಡದ ಶಂಕುಸ್ಥಾಪನೆ ನಡೆಯಿತು. ಕಲ್ಲನ್ನಿಟ್ಟದ್ದು ನವಾಬರೂ ಅಲ್ಲ, ಮಂತ್ರಿಗಳೂ ಅಲ್ಲ. ಶಾಲೆಯ ಅತ್ಯಂತ ಕಿರಿಯ ವಿದ್ಯಾರ್ಥಿ ಅಬ್ದುಲ್ ಅಝೀಝ್! ಶಾಲೆ ಯಾರಿಗಾಗಿ ಎಂಬುದನ್ನು ಅಂದು ಭಾಷಣವಿಲ್ಲದೆಯೇ ಸಾರಲಾಯಿತು.

ಶೂಗಳಿಗೆ ಪಾಲಿಶ್ ಮಾಡದೆ ಬರುತ್ತಿದ್ದ ಹುಡುಗರ ಪ್ರಸಂಗವನ್ನು ನೀವು ಕೇಳಿರಬಹುದು. ಎಷ್ಟು ಹೇಳಿದರೂ ಅವರು ಕೇಳದಿದ್ದಾಗ ಝಾಕಿರ್ ಹುಸೈನ್ ಒಂದು ಮುಂಜಾನೆ ಬ್ರಶ್ ಮತ್ತು ಪಾಲಿಶ್ ಡಬ್ಬಿ ಹಿಡಿದು ಗೇಟಿನ ಬಳಿ ಕುಳಿತರಂತೆ. ಬೆತ್ತವಿಲ್ಲ, ದಂಡವಿಲ್ಲ; ನಾಚಿಕೊಂಡ ಹುಡುಗರು ತಾವಾಗಿಯೇ ತಿದ್ದಿಕೊಂಡರು.

ಅವರ ಜೀವನ ಚರಿತ್ರೆಗಳಲ್ಲಿ ಬರುವ ಇನ್ನೊಂದು ಘಟನೆ ಹೃದಯ ಕಲಕುವಂಥದ್ದು. ಪರೀಕ್ಷೆ ಪಾಸಾದ ಪುಟ್ಟ ಮಕ್ಕಳಿಗೆ ಅವರು ಸಿಹಿ ಹಂಚುತ್ತಿದ್ದಾಗ, ಎಳೆಯ ಮಗಳು ರೆಹಾನಾ ತೀರಿಕೊಂಡ ಸುದ್ದಿಯನ್ನು ಯಾರೋ ಕಿವಿಯಲ್ಲಿ ಉಸುರಿದರು. ಮುಖ ಬಿಳಿಚಿತು, ಕೈ ನಿಲ್ಲಲಿಲ್ಲ. ಆ ಮಕ್ಕಳ ಸಂತೋಷವನ್ನು ಕೆಡಿಸಲು ಅವರಿಗೆ ಮನಸ್ಸು ಬರಲಿಲ್ಲ. ಎಲ್ಲ ಶಿಕ್ಷಕರೂ ಹೀಗೆ ದುಃಖ ನುಂಗಬೇಕೆಂದು ನಾವು ಹೇಳಬಾರದು. ನುಂಗಿದ ದುಃಖ ರಾತ್ರಿ ಅವರ ದಿಂಬನ್ನು ತೋಯಿಸುತ್ತಿತ್ತು. ಮುಂದೆ ಮಕ್ಕಳಿಗಾಗಿ ಬರೆದ ಕತೆಗಳಿಗೆ ಅವರಿಟ್ಟುಕೊಂಡ ಕಾವ್ಯನಾಮ ರುಖಯ್ಯಾ ರೆಹಾನಾ. ಕಳೆದುಕೊಂಡ ಮಗಳ ಹೆಸರಿನಲ್ಲಿ ಇತರರ ಮಕ್ಕಳಿಗೆ ಕತೆ ಹೇಳಿದ ತಂದೆ ಅವರು.

1937ರ ವಾರ್ಧಾ ಶಿಕ್ಷಣ ಸಮಿತಿಯ ಅಧ್ಯಕ್ಷತೆ, 1948ರಿಂದ ಅಲೀಗಢ ಮುಸ್ಲಿಮ್ ವಿಶ್ವವಿದ್ಯಾನಿಲಯದ ಕುಲಪತಿ ಸ್ಥಾನ, ಬಿಹಾರದ ರಾಜ್ಯಪಾಲ ಹುದ್ದೆ, 1962ರಲ್ಲಿ ಉಪರಾಷ್ಟ್ರಪತಿ ಪದವಿ, 1963ರಲ್ಲಿ ಭಾರತ ರತ್ನ, 1967ರಲ್ಲಿ ರಾಷ್ಟ್ರಪತಿ ಪದವಿ ಹೀಗೆ ಗೌರವಗಳು ಸಾಲಾಗಿ ಬಂದವು. 1969ರ ಮೇ 3ರಂದು ಅವರು ಅಧಿಕಾರದಲ್ಲಿರುವಾಗಲೇ ಕೊನೆಯುಸಿರೆಳೆದರು. ಅವರನ್ನು ದಫನ ಮಾಡಿದ್ದು ಜಾಮಿಯಾದ ಆವರಣದಲ್ಲಿ.

ಸದಸ್ಯ ಬಂಧುಗಳೇ, ಸಮುದಾಯದ ಸಂಸ್ಥೆಗಳು ಕಟ್ಟಡಗಳನ್ನು ಕಟ್ಟಿವೆ, ಶೇಕಡಾವಾರು ಫಲಿತಾಂಶವನ್ನು ಫ್ಲೆಕ್ಸ್‌ಗಳಲ್ಲಿ ಹಾಕಿವೆ. ಸಂತೋಷ. ಆದರೆ ಹಾಸ್ಟೆಲಿನಲ್ಲಿ ಮೂರು ದಿನದಿಂದ ಸರಿಯಾಗಿ ಉಣ್ಣದ ಹುಡುಗ ಯಾರು, ಕೊನೆಯ ಬೆಂಚಿನಲ್ಲಿ ದಿಢೀರನೆ ಮೌನಿಯಾದ ಹುಡುಗಿ ಯಾರು ಎಂದು ಗಮನಿಸುವ ಒಬ್ಬರಾದರೂ ಪ್ರತಿ ಶಾಲೆಯಲ್ಲಿ ಇದ್ದಾರೆಯೇ? ಮಗು ನಮ್ಮ ಕೈಯಲ್ಲಿರುವ ಅಮಾನತ್. ಅಂಕಪಟ್ಟಿ ಕೊಟ್ಟು ಕಳುಹಿಸಿದ ಮಾತ್ರಕ್ಕೆ ಅದನ್ನು ಹಿಂದಿರುಗಿಸಿದಂತಾಗದು.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಮನಸ್ಸು ಭಾರವಾದಾಗ ಒಳಗೇ ಇಟ್ಟುಕೊಳ್ಳಬೇಡಿ. ನಂಬಿಕೆಯ ಶಿಕ್ಷಕರೊಬ್ಬರ ಬಳಿ ಹೇಳಿಕೊಳ್ಳಿ. ಪಕ್ಕದಲ್ಲಿ ಕುಳಿತವನ ಮುಖ ಬಾಡಿದ್ದರೆ ಕಾರಣ ಕೇಳಿ. ಹೆತ್ತವರಿಬ್ಬರನ್ನೂ ಕಳೆದುಕೊಂಡ ಹುಡುಗನೊಬ್ಬ ಸಾವಿರಾರು ಮಕ್ಕಳಿಗೆ ಆಸರೆಯಾದದ್ದು, ಅವನನ್ನು ಒಬ್ಬರು ಗಮನಿಸಿದ್ದರಿಂದ.

ಅಂತಹ ಗುರುಗಳನ್ನು ಅಲ್ಲಾಹನು ನಮ್ಮ ಶಾಲೆಗಳಿಗೆ ಕರುಣಿಸಲಿ. ಆಮೀನ್.