ಕುಂಚ ಹಿಡಿದು ಹೋರಾಡಿದ ಆರ್ಥರ್ ಶಿಕ್

ಉಮರ್ ಖಯ್ಯಾಮರ ರುಬಾಯಿಗಳನ್ನು ಬಲ್ಲ ನಮ್ಮ ಓದುಗರಿಗೂ ಅವಕ್ಕೆ ಚಿತ್ರ ಬರೆದ ಆರ್ಥರ್ ಶಿಕ್ ಅವರ ಹೆಸರು ಹೊಸದಿರಬಹುದು. ಆಗ ರಷ್ಯಾದ ಆಳ್ವಿಕೆಯಲ್ಲಿದ್ದ ಪೋಲೆಂಡಿನ ಲೋಡ್ಜ್ ನಗರದ ಯಹೂದಿ ಕುಟುಂಬದಲ್ಲಿ 1894ರಲ್ಲಿ ಅವರು ಜನಿಸಿದರು. ಪ್ಯಾರಿಸ್ಸಿನಲ್ಲಿ ಚಿತ್ರಕಲೆ ಕಲಿತು, ಹಳೆಯ ಹಸ್ತಪ್ರತಿಗಳಲ್ಲಿ ಕಾಣುವ ಕಿರುಚಿತ್ರ ಶೈಲಿಯನ್ನು ತಮ್ಮದಾಗಿಸಿಕೊಂಡರು. ಪರ್ಷಿಯಾದ ಚಿತ್ರಗಳನ್ನು ನೋಡಿದವರಿಗೆ ಅವರ ಬಣ್ಣ, ಅಂಚಿನ ಬಳ್ಳಿಗಳು ಅಪರಿಚಿತವೆನಿಸುವುದಿಲ್ಲ.

1264ರಲ್ಲಿ ಪೋಲೆಂಡಿನ ಒಬ್ಬ ದೊರೆ ಯಹೂದಿಗಳಿಗೆ ರಕ್ಷಣೆ ಮತ್ತು ಹಕ್ಕುಗಳನ್ನು ನೀಡಿದ ಕಾಲಿಷ್ ಸನದನ್ನು ಶಿಕ್ 1920ರ ದಶಕದಲ್ಲಿ ಚಿತ್ರಗಳಿಂದ ಅಲಂಕರಿಸಿದರು. ಅಲ್ಪಸಂಖ್ಯಾತರಿಗೆ ಕೊಟ್ಟ ಮಾತನ್ನು ನಾಡಿಗೆ ನೆನಪಿಸಲು ಇದಕ್ಕಿಂತ ಸೌಮ್ಯವಾದ ದಾರಿ ಬೇರೊಂದಿರಲಾರದು.

ಆದರೆ ಕಾಲ ಸೌಮ್ಯವಾಗಿರಲಿಲ್ಲ. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಅವರು ಹಜ್ರತ್ ಮೂಸಾ (ಅ) ಅವರ ಕಾಲದ ಬಿಡುಗಡೆಯನ್ನು ನೆನೆಯುವ ಯಹೂದಿ ಗ್ರಂಥ ಹಗ್ಗಾದಾಕ್ಕೆ ಚಿತ್ರ ಬರೆದರು. ಅದರಲ್ಲಿ ನಾಜಿಗಳ ಸ್ವಸ್ತಿಕವನ್ನೂ ಸೇರಿಸಿದ್ದರು. ಮುದ್ರಣಕ್ಕೆ ಮೊದಲು ಆ ಗುರುತುಗಳನ್ನು ಅಳಿಸಬೇಕಾಯಿತು. ದುಷ್ಟ ಮಗನ ಮುಖಕ್ಕೆ ಬರೆದ ಹಿಟ್ಲರನ ಮೀಸೆ ಮಾತ್ರ ಉಳಿಯಿತು! ಪುಸ್ತಕ 1940ರಲ್ಲಿ ಲಂಡನ್ನಿನಲ್ಲಿ ಹೊರಬಂತು.

ಅದೇ ವರ್ಷ ಕೆನಡಾ ಮೂಲಕ ಅಮೆರಿಕ ಸೇರಿದ ಶಿಕ್, ಪೂರ್ಣಪ್ರಮಾಣದ ರಾಜಕೀಯ ವ್ಯಂಗ್ಯಚಿತ್ರಕಾರರಾದರು. 1941ರಲ್ಲಿ ಅವರ 'ದಿ ನ್ಯೂ ಆರ್ಡರ್' ಸಂಗ್ರಹ ಪ್ರಕಟವಾಯಿತು. ಕೊಲಿಯರ್ಸ್, ಟೈಮ್ ಪತ್ರಿಕೆಗಳ ಮುಖಪುಟಕ್ಕೂ ಬರೆದರು. ಸರ್ವಾಧಿಕಾರಿಗಳ ಪದಕ, ಗುಂಡಿ, ಬೂಟುಗಳನ್ನು ಅದೇ ಕಿರುಚಿತ್ರದ ತಾಳ್ಮೆಯಿಂದ ಬಿಡಿಸುತ್ತಿದ್ದರು. ಅಷ್ಟು ಸಿಂಗಾರವೇ ಅವರನ್ನು ನಗೆಪಾಟಲಿಗೀಡು ಮಾಡುತ್ತಿತ್ತು. ಇತ್ತ ಪೋಲೆಂಡಿನಲ್ಲಿ ಉಳಿದಿದ್ದ ಅವರ ತಾಯಿ ನಾಜಿಗಳ ಕೈಯಲ್ಲಿ ಹತರಾದರು.

ತಮಗೆ ಆಶ್ರಯ ನೀಡಿದ ದೇಶದ ತಪ್ಪಿಗೂ ಅವರು ಕಣ್ಣು ಮುಚ್ಚಲಿಲ್ಲ. ಕರಿಯರ ಮೇಲಿನ ಭೇದಭಾವವನ್ನೂ ಕು ಕ್ಲಕ್ಸ್ ಕ್ಲಾನನ್ನೂ ಕಟುವಾಗಿ ಚಿತ್ರಿಸಿದರು. ಪ್ಯಾಲೆಸ್ತೀನಿನ ವಿಷಯದಲ್ಲಿ ಮಾತ್ರ ಅವರು ಇರ್ಗುನ್ ಎಂಬ ಸಶಸ್ತ್ರ ಸಂಘಟನೆಯ ಪರ ನಿಂತರು. ಅದನ್ನು ನಾವು ಒಪ್ಪಲಾರೆವು, ಆದರೆ ಮುಚ್ಚಿಟ್ಟು ಜೀವನ ಚರಿತ್ರೆ ಬರೆಯುವುದೂ ಸರಿಯಲ್ಲ.

1948ರಲ್ಲಿ ಅಮೆರಿಕದ ಪೌರತ್ವ ಪಡೆದ ಶಿಕ್, ಆ ದೇಶದ ಸ್ವಾತಂತ್ರ್ಯ ಘೋಷಣೆಯನ್ನೂ ಭಕ್ತಿಯಿಂದ ಅಲಂಕರಿಸಿದರು. ಆದರೂ 1951ರಲ್ಲಿ ಅಮೆರಿಕನ್ ಸಂಸತ್ತಿನ ಸಮಿತಿಯೊಂದು ಅವರನ್ನು ಶಂಕಿತ ಸಂಘಟನೆಗಳ ಸದಸ್ಯರೆಂದು ಹೆಸರಿಸಿತು. ಅದೇ ಸೆಪ್ಟೆಂಬರ್ 13ರಂದು, ಕನೆಕ್ಟಿಕಟ್‌ನ ನ್ಯೂ ಕೇನನ್‌ನಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 57 ವರ್ಷ. ಅವರ ಚಿತ್ರಗಳುಳ್ಳ ಅರೇಬಿಯನ್ ನೈಟ್ಸ್ 1954ರಲ್ಲಿ ಪ್ರಕಟವಾಯಿತು.